ಕೊಂಡಿ

ರಸ್ತಾ ಅಗಲ ಮಾಡ್ತೀವಂತ ಬಂದವರು
ಸ್ಟೇಷನ್ ರೋಡಿನ ಎಡಗಡಿ ಮರ ಅಷ್ಟೂ ಕೆಡವಿ
ಟಿಪ್ಪರಿಗೆ ತುಂಬಿ
ಊರಾಚಿ ಕಸದ ಹೊಲದಾಗ ಒಗದಾರ.
"ಪುಕ್ಕಟ ಅದ, ಬಾ" ಅಂದಳು ಹಂಪಮ್ಮ
ಸಿಲಿಂಡರಿನ ರೇಟು ಬೆರಳ ಮ್ಯಾಲೆ ಎಣಿಸುತ್ತ.

ನಮ್ಮದು ರೊಟ್ಟಿ ಅಂಗಡಿ. ದಿನಕ್ಕ ಇನ್ನೂರು,
ಹಬ್ಬ ಬಂದರ ನಾನ್ನೂರು.
ಗ್ಯಾಸಿನ ಮ್ಯಾಲೆ ಬೇಯಿಸಿದ್ದನ್ನ
ಗಿರಾಕಿ ಮುರದು, ಮೂಸಿ, ಸುಮ್ಮನ ಇಟ್ಟು ಹೋಗತಾರ.

ನಸುಕಿನಾಗ ಹೋದ್ವಿ.
ತಳ್ಳುಗಾಡಿ, ಎರಡು ಕೊಡಲಿ, ಒಂದು ಹಗ್ಗ.
ಬಡಗ ದಿಕ್ಕಿಗೆ ಶಕ್ತಿನಗರದ ಚಿಮಣಿ ಹೊಗಿ
ಆಕಾಶಕ್ಕ ಒಂದು ಗೀಟು ಎಳದಿತ್ತು.
ಊರಿಗೆಲ್ಲ ಕರೆಂಟು ಕೊಡೋ ಬೆಂಕಿ ಅದು,
ನನ್ನ ಒಲಿಗೆ ಒಂದು ಕಿಡಿ ಕೊಡಂಗಿಲ್ಲ.

ಗೇಟಿನ್ಯಾಗ ಖಾಜಾಹುಸೇನಿ. ಅವಂದೊಂದು ಕಾಯದೆ ಅದ:
ಕಟಗಿ ನಮ್ಮದು,
ಕಟಗಿಯಾಗ ಕಬ್ಬಿಣ ಸಿಕ್ಕರ ಅವಂದು.

ಒಡದ ಕಮೋಡು, ಮದವಿ ಮಂಟಪದ ಥರ್ಮಾಕೋಲು ಕಂಬ,
ಅವುಗಳ ನಡುವ ಮರಗಳು
ಸಂತಿ ಮುಗಿಸಿ ಮಲಗಿದ ಎತ್ತಿನಂಗ.
ಇರುವಿ ಸಾಲೊಂದು ಟೊಂಗಿ ಮ್ಯಾಲೆ
ಇನ್ನೂ ಮನಿ ಹುಡುಕಲಿಕ್ಕತ್ತಿತ್ತು.

ಗುಲ್‌ಮೊಹರ್ ಬ್ಯಾಡ, ಕಾಗದದಂಗ ಉರದು ಹೋಗತದ.
ಜಾಲಿ ಛಲೋ, ಮುಳ್ಳಿಗೆ ಮಾತ್ರ ಕರುಣಿಲ್ಲ.
ಹುಣಸಿ ಸಿಕ್ಕರ ಬಂಗಾರ,
ಕೆಂಡ ಮಧ್ಯಾನದ ಮಟ ಜೀವ ಹಿಡಕೊಂಡಿರತದ.
ಅರಳಿ ಬೊಡ್ಡಿ ಒಂದಿತ್ತು, ಸುತ್ತಿದ ಅರಿಷಿಣ ದಾರ ಹಂಗ ಇತ್ತು,
ಅದರ ಸನೇಕ ಯಾರೂ ಕೊಡಲಿ ಒಯ್ದಿದ್ದಿಲ್ಲ.
ಹಂಪಮ್ಮ ಅದನ್ನ ದಾಟುವಾಗ ಚಪ್ಪಲಿ ಬಿಟ್ಟಳು,
ಗಾಜಿನ ಚೂರು ಕಂಡು
ಮತ್ತ ಹಾಕ್ಕೊಂಡಳು.

ನಾನು ಬೇವಿಗೆ ಕೈ ಹಚ್ಚಿದೆ.
ಮೈ ತುಂಬ ಟ್ಯೂಷನ್ ಬೋರ್ಡಿನ ಮೊಳಿ,
ಬಿಳಿ ಬಣ್ಣದಾಗ ನಂಬರು: ೪೭.
ಮೂರನೇ ಪೆಟ್ಟಿಗೆ ಕೊಡಲಿ ಚೀರಿತು.
ತೊಗಟಿ ಒಳಗ, ನಾಕು ಬೆರಳು ಆಳಕ್ಕ,
ಕೊಂಡಿ.
ತುದಿ ಅಷ್ಟ ಹೊರಗ,
ಮುಚ್ಚಿದ ತುಟಿ ದಾಟಿ ಬಂದ ಹಲ್ಲಿನಂಗ.

ಮತ್ತ ನಂಬರು ನೋಡಿದೆ.
ರಿಜಿಸ್ಟ್ರಾರ್ ಆಫೀಸಿನ ಮುಂದಿನ ಬೇವು ಅದು.
ಆ ಕೊಂಡಿಗೆ ತಕ್ಕಡಿ ತೂಗಬಿಟ್ಟು
ಅಪ್ಪ ಹುರದ ಸೇಂಗಾ ಮಾರತಿದ್ದ.
ಹೊಲ ಕೊಂಡವರೂ ಒಯ್ಯತಿದ್ದರು, ಮಾರಿದವರೂ,
ಮಾರಿದವರಿಗೆ ಮಾತ್ರ ಒಂದು ಹಿಡಿ ಜಾಸ್ತಿ.
"ಮಾರಿದವರು ಯಾರಂತ ನಿನಗ ಹೆಂಗ ತಿಳೀತದೋ ಅಪ್ಪಾ?"
"ಮಾರಿ ನೋಡಿದರ ತಿಳೀತದ."

ಅಪ್ಪ ಹೋಗಿ ಹತ್ತೊಂಬತ್ತು ವರ್ಷ.
ಅಷ್ಟರಾಗ ಮರ
ಸಾವಕಾಶ, ಯಾರಿಗೂ ಹೇಳದ,
ಕೊಂಡಿ ನುಂಗಿತ್ತು.

"ಏನ ಸಿಕ್ಕಿತು?" ಖಾಜಾಹುಸೇನಿ ಕೂಗಿದ.
"ಗಂಟು" ಅಂದೆ. "ಕಟಗಿ ಗಂಟು."
ಬಂದ. ಬಗ್ಗಿ ನೋಡಿದ. ಬೆರಳಿಂದ ತುದಿ ಮುಟ್ಟಿದ.
ಟ್ಯೂಷನ್ ಮೊಳಿ ಅಷ್ಟೂ ಕಿತ್ತು ಚೀಲಕ್ಕ ಹಾಕ್ಕೊಂಡು
"ಹೌದು, ಗಂಟೇ ಅದ" ಅಂದ.

ಆ ತುಂಡು ತಂದು ಎಲ್ಲಾದರ ಹಿಂದ ಇಟ್ಟೆ.
ಎಳ್ಳಮಾಸಿ ಬಂತು. ನಾನ್ನೂರು ರೊಟ್ಟಿ.
ಮುನ್ನೂರಾ ಹತ್ತಕ್ಕ ಕಟಗಿ ಮುಗದಿತ್ತು,
ಬಾಗಿಲಾಗ ಮಂದಿ ನಿಂತಿದ್ದರು.
ಕಣ್ಣು ಮುಚ್ಚಿ ದೂಡಿದೆ ಅನ್ನಂಗಿಲ್ಲ,
ಕಣ್ಣು ತೆರದೇ ದೂಡಿದೆ,
ಊದುಗೊಳವಿ ಹಿಡದು ಊದಿದೆ.
ರೊಟ್ಟಿ ಉಬ್ಬಿದವು.

ಸಾಲಿ ಮಾಸ್ತರು ಮನಿಗೆ ಒಯ್ದು ತಿಂದು ಬಂದು
"ಇವತ್ತ್ಯಾಕೋ ತುಸು ಕಹಿ" ಅಂದರು.
"ಬೇವಿನ ಕಟಗೀರಿ."

ಮರುದಿನ ಬೂದಿಯಾಗ ಕೊಂಡಿ ಸಿಕ್ಕಿತು.
ಜಂತಿಗೆ ಜಡದು ಅಪ್ಪನ ತಕ್ಕಡಿ ತೂಗಬಿಟ್ಟೆ.
ಒಂದು ಕಿಲೋ ಹಿಟ್ಟಿಗೇ
ಬಾಗಿ ಕೈಬಿಟ್ಟಿತು, ಪರಡಿ ನೆಲಕ್ಕ.
ಬೆಂಕಿ ಉಂಡ ಕಬ್ಬಿಣ,
ಮೆತ್ತಗಾಗಿತ್ತು.
ಈಗ ಹಿಟ್ಟಿನ ಜರಡಿ ಅಷ್ಟ ಹಾಕತೀನಿ ಅದಕ್ಕ.

ಸೋಮಾರದಿಂದ ಬಲಗಡಿ ಮರ ಕಡೀತಾರಂತ.
ಹಂಪಮ್ಮ ಆಗಲೇ
ಕೊಡಲಿ ಮಸೀಲಿಕ್ಕತ್ತ್ಯಾಳ.