ದಾಸ್ತಾನು

ಆಡಿಟ್ಟಿಗೆ ಬಂದ ಪ್ರಫುಲ್ಲಾ ಮೇಡಂ
ಕನ್ನಡಕ ತೆಗೆದಿಟ್ಟು ಕೇಳಿದರು:
ಎಲ್ಲಾ ಸೇರಿ ಕಂಪ್ಯೂಟರ್ ಎಷ್ಟಮ್ಮ ನಿಮ್ಮ ಸೊಸೈಟೀಲಿ?

ಐವತ್ತೆರಡು ಅಂದೆ ನಾನು.
ಅರವತ್ತು ಅಂದರು ಮ್ಯಾನೇಜರು.
ಪಾಲಯ್ಯ ಬೀರು ತೆಗೆದು
ಕೆಂಪು ರಟ್ಟಿನ ಪುಸ್ತಕ ತಂದು
ಬೆರಳಿಗೆ ಎಂಜಲು ಹಚ್ಚಿ ಓದಿದ:
ಗಣಕಯಂತ್ರ ನಲವತ್ತೊಂದು,
ಟೈಪ್‌ರೈಟರ್ ಎರಡು,
ಗೋಡೆ ಗಡಿಯಾರ ಒಂದು, ನಿಂತಿದೆ.

ದಾವಣಗೆರೆಯ ಏಪ್ರಿಲ್ಲು.
ಫ್ಯಾನು ಬಿಸಿಗಾಳಿಯನ್ನೇ ಮಗುಚಿ ಹಾಕುತ್ತಿತ್ತು.
ಎಣಿಸುವ ತಂತ್ರಾಂಶ ಹುಡುಕಲು ಕೂತೆ.

ಮೊದಲನೆಯದು
ವಿಳಾಸ ಹಿಡಿದು ಬಾಗಿಲು ಬಡಿಯುತ್ತ ಹೋಯಿತು:
ಇದ್ದೀರಾ? ಇದ್ದೀರಾ?
ಚೌಕಿಪೇಟೆಯಲ್ಲಿ ಎಂಟು ಓಗೊಟ್ಟವು,
ಹರಿಹರದಲ್ಲಿ ಆರು.
ಜಗಳೂರಲ್ಲಿ ಕರೆಂಟಿರಲಿಲ್ಲ,
ಜಗಳೂರೇ ಇಲ್ಲವೆಂದು ಬರೆದುಕೊಂಡಿತು.
ಮೂವತ್ತು ದಿನ ಓಗೊಡದ್ದನ್ನು
ತಾನಾಗಿಯೇ ಅಳಿಸಿಹಾಕುವುದಂತೆ.
ಕ್ಲೀನಾಗಿರುತ್ತೆ ಮೇಡಂ, ಅಂದ
ಮಾರಲು ಬಂದಿದ್ದ ಹುಡುಗ, ಬೆವರೊರೆಸುತ್ತ.

ಎರಡನೆಯದಕ್ಕೆ
ಯಂತ್ರಯಂತ್ರದ ಒಳಗೂ ಒಬ್ಬ ಏಜೆಂಟನ್ನು ಕೂರಿಸಬೇಕು
ಅಂದದ್ದೇ ತಡ,
ಅಧ್ಯಕ್ಷ ಮುರುಗೇಂದ್ರಪ್ಪನವರು ಮುಖ ಸಿಂಡರಿಸಿದರು:
ಅವನಿಗೂ ಕಮಿಷನ್ ಕೊಡಬೇಕೇನು?

ನಕ್ಕೆ. ಆಮೇಲೆ ನಗು ನಿಂತಿತು.
ನಮ್ಮಲ್ಲಿ ಏಜೆಂಟು ಅಂದರೆ ಪಿಗ್ಮಿ ಏಜೆಂಟು,
ಹೆಗಲಿಗೆ ಚೀಲ, ಅಂಗೈಯಗಲದ ಯಂತ್ರ,
ಪಂಕ್ಚರ್ ಅಂಗಡಿಗೆ ಇಪ್ಪತ್ತು, ಹೂವಿನವಳಿಗೆ ಹತ್ತು,
ಕಿರ್ರೆಂದು ಒಂದು ಚೀಟಿ.
ಆ ಯಂತ್ರಗಳನ್ನು ಎಣಿಸಿದವರು ಯಾರು?
ಮಧ್ಯಾಹ್ನ ನೋಡಿದರೆ ಒಂದೂ ಇಲ್ಲ, ಎಲ್ಲಾ ಬೀದಿಯಲ್ಲಿ.
ಸಂಜೆ ಆರೂವರೆಗೆ ಹದಿಮೂರು,
ಮೇಜಿನ ಮೇಲೆ ಸಾಲಾಗಿ ಚಾರ್ಜಿಗೆ,
ಇನ್ನೂ ಬಿಸಿ, ಯಾರ ಯಾರದೋ ಕೈಬೆವರು.

ಮೂರನೆಯದು ಪುಕ್ಕಟೆಯದು,
ರಾತ್ರಿ ನಾನೇ ಇಳಿಸಿಕೊಂಡದ್ದು.
ನೋಡಲು ಚಂದವಿಲ್ಲ. ನಿಧಾನ.
ಆದರೆ ಅದರಲ್ಲೊಂದು ಕಾಲಂ ಇತ್ತು:
ಕೊನೆಯದಾಗಿ ಕಂಡದ್ದು.
ಸರ್ವರಿನ ಹಳೇ ದಾಖಲೆಯನ್ನೆಲ್ಲ ಕೆದಕಿ
ಬೆಳಗಿನ ಜಾವ ಅದು ಹದಿನಾಲ್ಕನೆಯದನ್ನು ತಂದು ನಿಲ್ಲಿಸಿತು:
ಮಾರ್ಚ್ ಹನ್ನೊಂದು, ಸಂಜೆ ಆರು ನಲವತ್ತೆರಡು.
ಅಷ್ಟೇ. ಅಳಿಸಿರಲಿಲ್ಲ. ಬೂದು ಬಣ್ಣ ಬಳಿದು
ಪಟ್ಟಿಯಲ್ಲೇ ಕೂರಿಸಿಕೊಂಡಿತ್ತು.

ಅದು ಶಮೀಮಕ್ಕಂದು, ಅಂದ ಪಾಲಯ್ಯ,
ಮಂಡಕ್ಕಿ ಭಟ್ಟಿ ಲೈನಿಂದು.
ಸ್ಕೂಟಿಯಲ್ಲಿ ಹೋದೆವು.
ಮಸಿ ಹಿಡಿದ ತಗಡು, ಹೊಗೆ,
ಕಾದ ಮರಳಲ್ಲಿ ಅಕ್ಕಿ ಒಮ್ಮೆಗೇ ಅರಳುವ ಸದ್ದು.
ಕಾಲಿಗೆ ಸಿಮೆಂಟು ಪಟ್ಟಿ, ಆಯಮ್ಮ ಚೀಲಗಳ ನಡುವೆ ಕೂತಿದ್ದಳು.
ಪಕ್ಕದಲ್ಲಿ ಯಂತ್ರ, ಬ್ಯಾಟರಿ ಊದಿ ಹೊಟ್ಟೆ ಬಿರಿದದ್ದು,
ಅದರ ಮೇಲೆ ಕರವಸ್ತ್ರ ಹೊದಿಸಿತ್ತು.
ಫೋನ್ ಮಾಡೋದಲ್ವೇನಕ್ಕಾ?
ಕೆಲಸ ತೆಗೀತಾರೆ ಅಂತ ಹೆದರಿದ್ನಮ್ಮ.

ವಸೂಲಿ ಮಾತ್ರ ನಿಂತಿರಲಿಲ್ಲ.
ಭಟ್ಟಿಯವರೇ ಬಂದು, ಮಗಳ ಎರಡು ಗೆರೆ ಕಾಪಿಯಲ್ಲಿ
ಹೆಸರು, ತಾರೀಖು, ಹತ್ತು ರೂಪಾಯಿ,
ಸಹಿಯಿದ್ದಲ್ಲಿ ಸಹಿ, ಇಲ್ಲದಿದ್ದಲ್ಲಿ ಮಸಿಯ ಹೆಬ್ಬೆಟ್ಟು.
ಬಿಸ್ಕತ್ತಿನ ಡಬ್ಬಿಯಲ್ಲಿ ದುಡ್ಡು.
ಎಣಿಸಿದೆವು ಇಬ್ಬರೂ, ಎರಡೆರಡು ಸಲ.
ಒಂದು ರೂಪಾಯಿ ಹೆಚ್ಚಿತ್ತು.

ಯಂತ್ರವನ್ನು ಗುಜರಿ ಅಂತ ಹಾಕಿದೆ.
ಕಾಪಿಯನ್ನು ಯಾವ ಕಾಲಂಗೆ ಹಾಕಲಿ?
ಬೆರಳು ಕೀಲಿಯ ಮೇಲೆ ಸುಮಾರು ಹೊತ್ತು ಹಾಗೇ ಇತ್ತು.

ಸೋಮವಾರ ಸಭೆ. ಮೂರನೆಯದೇ ಇರಲಿ ಅಂದೆ.
ಮುರುಗೇಂದ್ರಪ್ಪನವರು ಅಡಿಕೆ ಅಗಿಯುತ್ತ:
ಮೂರು ಕೊಟೇಶನ್ ಬೇಕಲ್ಲವ್ವಾ,
ಸೊನ್ನೆ ರೂಪಾಯಿಗೆ ಕೊಟೇಶನ್ ಯಾರು ಕೊಡ್ತಾರೆ?
ಮತ್ತೆ, ಪುಕ್ಸಟ್ಟೆ ಬಂದದ್ದು ಕೆಟ್ರೆ
ಯಾರನ್ನ ಬಯ್ಯೋದು?

ನನ್ನನ್ನ, ಅಂದೆ.
ಅದನ್ನೇ ನಡಾವಳಿಯಲ್ಲಿ ಬರೆದು ಸೀಲು ಒತ್ತಿದರು.

ಎಲ್ಲಾ ಸೇರಿ ಎಪ್ಪತ್ತೆಂಟು, ಪ್ರಫುಲ್ಲಾ ಮೇಡಂ,
ಜಗಳೂರೂ ಸೇರಿ.

ಪಾಲಯ್ಯ ಕೆಂಪು ರಟ್ಟಿನ ಪುಸ್ತಕ ಬಿಚ್ಚಿ
ಹೊಸ ಸಾಲಲ್ಲಿ ದುಂಡಗೆ ಬರೆದ:
ತಂತ್ರಾಂಶ, ಒಂದು. ಬೆಲೆ ಇಲ್ಲ.
ಆಮೇಲೆ ಪೆನ್ನೆತ್ತಿ ನನ್ನನ್ನೇ ನೋಡಿದ:
ಯಾವ ಬೀರುವಿನಾಗೆ ಐತಿ ಅಂತ ಬರೀಲಿ?