ಐನೂರ ಅಕ್ಷರದಾಗ

ಐನೂರ ಅಕ್ಷರದಾಗ ಖೋಲಿ ಹೆಂಗೈತಿ ಹೇಳ್ರಿ ಅಂತು ಮೊಬೈಲು.
ಮೂವತ್ತೊಂದು ವರ್ಷ ಮೊಳೆ ಜೋಡಿಸಿದ ಕೈ ಇದು,
ಅಕ್ಷರಕ್ಕ ಅಂಜೂದಲ್ಲ.
ಆದರ ಇದು ಒತ್ತು, ಕೊಂಬು ಎಲ್ಲಾ ಬ್ಯಾರೆ ಬ್ಯಾರೆ ಎಣಸತೈತಿ;
‘ಸ್ವಚ್ಛ’ ಅನ್ನೂದರಾಗ ಆರು ಖರ್ಚಾದವು.

‘ರೈಲಿನ ಸಪ್ಪಳ ಕೇಳಸತೈತಿ’ ಅಂತ ಬರದ್ನಿ.
ಅಕ್ಕನ ಮಗಳು ಸ್ವರೂಪಾ ಅಳಿಸಿ
‘ನಿಲ್ದಾಣಕ್ಕೆ ಸಮೀಪ’ ಅಂತ ಮಾಡಿದಳು.
ಅದ ಮಾತು, ತಿರುವಿ ಹಾಕಿದ್ದು.

ಬಿಸಿನೀರು? ಹೌದು, ಗುರುತು ಹಾಕೀನಿ.
ನೀರು ಎಷ್ಟು ದಿನಕ್ಕೊಮ್ಮೆ ಅಂತ
ಅದು ಕೇಳಲಿಲ್ಲ, ನಾ ಹೇಳಲಿಲ್ಲ.

ಖೋಲಿ ಅಂದರ ಚಂದ್ರಮೌಳಿ ಮುದ್ರಣಾಲಯದ ಮಹಡಿ.
ಪ್ರೆಸ್ ಮುಚ್ಚಿದಾಗ ಬಾಕಳೆ ಸಾವ್ಕಾರ್ರು
ಏಳು ವರ್ಷದ ಪಗಾರದ ಬದಲಿ
ಇದನ್ನ ನನ್ನ ಹೆಸರಿಗಿ ಹಚ್ಚಿ ಕೈ ಮುಗದ್ರು.
ಟ್ರೆಡಲ್ ಗುಜರಿಗೆ ಹೋತು, ಕಿಲೋ ಲೆಕ್ಕದಾಗ.
ಒಂದು ಮೊಳೆ ಕೇಸು ಉಳದಿತ್ತು,
ಗ್ವಾಡಿಗಿ ಆನಿಸಿ ನಿಲ್ಲಿಸೀನಿ.
ಬಂದವರು ಅದರ ಖಣದಾಗ
ಚಾವಿ, ಚಿಲ್ಲರೆ, ಕಿವಿಯೋಲೆ ಇಡ್ತಾರ.

ಫೋಟೋ ಹೊಡದಾಂವ ಬೆಟಗೇರಿ ಗೌಸ್ ನದಾಫ.
ಹೊಟ್ಟಿ ಉಬ್ಬಿದ ಲೆನ್ಸ್ ಹಾಕಿ, ಮೂಲ್ಯಾಗ ಕುಕ್ಕರಗಾಲಿಲೆ ಕುಂತ;
ಹನ್ನೆರಡು ಫೂಟು ಕಲ್ಯಾಣಮಂಟಪ ಆತು.
ಮೊದಲ ಬಂದ ಪುಣೆ ಗಂಡ-ಹೆಂಡತಿ ಬಾಗಲದಾಗ ನಿಂತು
‘ಉಳದದ್ದು ಎಲ್ಲೈತಿ?’ ಅಂತ ಹಿಂದ್ಯಾಗ ಕೇಳಿದ್ರು.
ಹೋಗಮುಂದ ಮೂರು ಚುಕ್ಕಿ ಕೊಟ್ಟರು.
ಮೂರು ಚುಕ್ಕಿ ಅಂದರ ನಮ್ಮ ಕಸಬಿನಾಗ
ಮಾತು ಇನ್ನೂ ಮುಗದಿಲ್ಲ ಅಂತ ಅರ್ಥ.

ಲಕ್ಕುಂಡಿ ಬಾವಿ ಅಳ್ಯಾಕ ಬಂದ ಹುಡುಗರು
ಟೇಪು ಮರತು ಹೋದರು, ನಾಕು ಚುಕ್ಕಿ.
ರಾತ್ರಿ ಹನ್ನೊಂದಕ್ಕ ಗಿರ್ಮಿಟ್ ಕೇಳಿದಾಂವಗ
ಸ್ವಂತ ಮಂಡಕ್ಕಿ ಕಲಸಿ ಕೊಟ್ಟೆ. ಐದು.

ಕಾರ್ತೀಕದಾಗ ಒಬ್ಬಾಕಿ ಬಂದಳು. ಮೂರು ರಾತ್ರಿ.
ಹೆಸರಿನ ಜಾಗಾದಾಗ ಬರೇ ‘ವಿ’.
ಲಕ್ಕುಂಡಿಗೆ ಆಟೋ ಹೇಳ್ಲೇನ್ರಿ ಅಂದ್ನಿ, ಬ್ಯಾಡ ಅಂದಳು.
ಇಟ್ಟ ಚಾ ಬಾಗಲದಾಗ ಕೆನಿ ಕಟ್ಟಿತು.
ಎರಡನೇ ದಿನಾನೂ ಕಟ್ಟಿತು.
ಬಾಗಲ ಬಡೀಲ್ಯಾ?
‘ನಿಯಮದಾಗ ಇಲ್ಲ ಮಾಮಾ’ ಅಂದಳು ಸ್ವರೂಪಾ.
ನಡುರಾತ್ರಿ ಪಾವಟಿಗಿ ಮ್ಯಾಲ ಕುಂತ್ನಿ.
ಎರಡೂವರಿ ಗೂಡ್ಸ್ ಗಾಡಿ ಹೊಂಟಿತು,
ಕಿಡಕಿ ಗಾಜು ಹಲ್ಲು ಕಡದವು,
ಅದರ ಹಿಂದನ ಒಳಗಿಂದ ಒಂದು ಸಣ್ಣ ಗೊರಕಿ,
ಹರೀಲಾರದ ನೂಲಿನಂಗ.
ನಾಚಿ, ಚಪ್ಪಲಿ ಕೈಯಾಗ ಹಿಡಕೊಂಡು ಇಳದ್ನಿ.

ಹೋದಳು. ಒಂದು ಚುಕ್ಕಿನೂ ಇಲ್ಲ, ಮಾತೂ ಇಲ್ಲ.
ಚಾದರ ಬದಲ ಮಾಡಮುಂದ ಕಂಡಿತು:
ಕೇಸಿನ ಅಂಚಿಗೆ ಐದು ಮೊಳೆ, ಸಾಲಾಗಿ,
ನಡುವ ಒಂದು ಎಡೆ.
ತಲಿಕೆಳಗ ಮಾಡಿ ಜೋಡಿಸಬೇಕು ಅಂತ
ಅಕಿಗ್ಯಾರು ಹೇಳ್ಯಾರು?
ಪುಸ್ತಕದಾಗ ಓದಿದಂಗ ಇಟ್ಟಾಳ: ನಿದ್ದೆ ಬಂತು.

ಠಸ್ಸೆ ಮಸಿ ಹಚ್ಚಿ
ಹಾಲಿನ ಲೆಕ್ಕದ ಚೀಟಿ ಮ್ಯಾಲ ಒತ್ತಿದ್ನಿ.

                    ತುಂಬ ದ್ದೆನಿ

‘ತುಂಬ’ ತಾನಾಗೇ ಸರಿ ಬಂದಿತ್ತು.
ಇನ್ನೊಂದಕ್ಕ ಮುಂದ ಒಂದು ‘ಇ’ ಇದ್ದರ
ನಮ್ಮ ಕಡೆ ಮಾತಾಗತಿತ್ತು.
‘ಇ’ ಖಣದಾಗ ಬೆರಳು ಆಡಿಸಿದ್ನಿ.
ಮೊಳೆ ಇರಲಿಲ್ಲ,
ಬೆಳ್ಳಿ ಕಾಗದ ಬಿಚ್ಚದ ಗುಳಿಗಿ ಇದ್ದವು, ಮೂರು.

ಆವತ್ತ ಸಂಜಿಕೆ ‘ಸ್ವಚ್ಛ’ ಅಳಿಸಿ ಆರು ಅಕ್ಷರ ಉಳಿಸಿಕೊಂಡ್ನಿ.
‘ಸಮೀಪ’ ತಗದ್ನಿ.
ಎರಡೂವರಿಗೆ ಗೂಡ್ಸ್ ಗಾಡಿ ಹೋಗತೈತಿ ಅಂತ ಬರದ್ನಿ.
ಸ್ವರೂಪಾ ಇನ್ನೂ ನೋಡಿಲ್ಲ.

ಕೆಲಸ ಮುಗದ ಮ್ಯಾಲ ಮೊಳೆ ತಿರಗಿ ಖಣಕ್ಕ ಹಾಕಬೇಕು.
ಅದು ಕಸಬಿನ ರೀತಿ.
ಆ ಐದನ್ನ ನಾ ಇನ್ನೂ ಹಾಕಿಲ್ಲ.