ಸೀಮೆಸುಣ್ಣದ ಅಡಿಗೆಮನೆ

ಸೊಲ್ಲಾಪುರದ ಹೋಟಗಿ ರಸ್ತೆಯ ಈ ಮನೆಗೆ
ತಲೆಬಾಗಿಲಲ್ಲಿ ಗಣಪತಿ ಇಲ್ಲ, ಹೊಸ್ತಿಲೂ ಇಲ್ಲ.
ಅರವತ್ತೊಂದರಲ್ಲಿ ಗಿರಣಿಯ ಪಾರಸಿ ಇಂಜಿನಿಯರ್ ಕಟ್ಟಿಸಿದ್ದು:
ಹಾರಲು ರೆಕ್ಕೆ ಎತ್ತಿ ಮನಸ್ಸು ಬದಲಿಸಿದಂಥ ಚಾವಣಿ,
ಗೋಡೆಯ ನೆತ್ತಿಯುದ್ದಕ್ಕೂ ಓಡುವ ಗಾಜಿನ ಪಟ್ಟಿ,
ಕಾಲು ಅಗಲಿಸಿ ನಿಂತ ಕಪಾಟು,
ಕರಿ ಹಳದಿ ಚೂರುಗಳ ಮೊಸಾಯಿಕ್ ನೆಲ,
ಶೇಂಗಾ ಚಿಕ್ಕಿ ಸುರಿದು ಆರಲು ಬಿಟ್ಟ ಹಾಗೆ.

ನನ್ನ ಪಿಎಫ್, ಮಹಾನಂದಾಳ ನಾಲ್ಕು ಬಿಲ್ವಾರ
ಕೂಡಿಸಿ ಕೊಂಡೆವು. ಆಕೆ ನನ್ನ ನಾದಿನಿ.
ನಮ್ಮಿಬ್ಬರನ್ನು ಗಂಟು ಹಾಕಿದವನು ಹೋಗಿ ಹನ್ನೊಂದು ವರ್ಷ.

ಇಷ್ಟು ಬೆಳಕಿನ ಮನೆಯಲ್ಲಿ ಅಡಿಗೆಮನೆಯೊಂದು ಕತ್ತಲೆ.
ಉತ್ತರಕ್ಕೆ ಒಂದೇ ಕಿಟಕಿ. ಕಡಪಾ ಕಲ್ಲಿನ ಕಟ್ಟೆಯಂತೂ
ಯಾವನೋ ಆರಡಿ ಅಡಿಗೆಯವನ ಅಳತೆ.
ಗೋಡೆಯಲ್ಲೊಂದು ಚೌಕ ಕಿಂಡಿ, ಜಾರುವ ಬಾಗಿಲಿನದು.
ಗಿರಣಿಯ ಭೋಂಗಾ ಕೂಗಿದ ಹತ್ತು ನಿಮಿಷಕ್ಕೆ ತೆರೆಯುತ್ತಿತ್ತಂತೆ:
ಆಚೆ ಉಣ್ಣುವವರು, ಈಚೆ ಬೇಯಿಸುವವರು,
ಬಟ್ಟಲು ದಾಟಬೇಕು, ಮುಖ ದಾಟಬಾರದು.

ಚಿಲವೇರಿಯವರ ಹುಡುಗ ಲ್ಯಾಪ್‌ಟಾಪ್ ತೆರೆದು ತೋರಿಸಿದ
ಒಲೆ, ತೊಟ್ಟಿ, ಫ್ರಿಜ್ಜು. ಮೂರು ಚುಕ್ಕೆ, ಮೂರು ಗೆರೆ.
"ಮೌಶಿ, ಅಡಿಗಿ ಅಂದ್ರ ಈ ತ್ರಿಕೋನದಾಗ ತಿರಗಾಡೂದು."
ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ ಮೂವತ್ತೆರಡು ವರ್ಷ
ತ್ರಿಕೋನ ಕಲಿಸಿದವಳು ನಾನು.
ಮೂರೂ ಕೋನ ಕೂಡಿಸಿದರೆ ನೂರಾ ಎಂಬತ್ತು, ಒಪ್ಪಿದೆ.
ಆದರೆ ಇದರೊಳಗೆ ಒಬ್ಬಳೇ ಇದ್ದಾಳಲ್ಲಪ್ಪ,
ಇನ್ನೊಬ್ಬಳನ್ನು ಎಲ್ಲಿ ನಿಲ್ಲಿಸಲಿ?
"ಮತ್ತ ರೊಟ್ಟಿ?" ಎಂದಳು ಮಹಾನಂದಾ.
ಹುಡುಗ ಫ್ರಿಜ್ಜು ಸರಿಸಿದ.
ರೊಟ್ಟಿಗೆ ಅವನ ಬಳಿ ಗುಂಡಿ ಇರಲಿಲ್ಲ.

ಅವನು ಹೋದ ಮೇಲೆ ಚೀಲದ ತಳದಿಂದ ಸೀಮೆಸುಣ್ಣ ತೆಗೆದೆ,
ನಿವೃತ್ತಿಯ ದಿನ ಕದ್ದು ತಂದ ಅರ್ಧ ಪೆಟ್ಟಿಗೆ.
ಊಟದ ಕೋಣೆಯ ಬರಿ ನೆಲದ ಮೇಲೆ ಅಳತೆಗೆ ಅಳತೆ ಬರೆದೆ:
ಇಲ್ಲಿ ಒಲೆ. ಇಲ್ಲಿ ನೀರು. ಇದು ಹಿಟ್ಟಿನ ಡಬ್ಬಿ.
ಇದು ಬೆಕ್ಕು ಮಲಗುವ ಜಾಗ, ಅದರ ಬಗ್ಗೆ ಚರ್ಚೆ ಇಲ್ಲ.
ಸೆರಗು ಸಿಕ್ಕಿಸಿ ಇಬ್ಬರೂ
ಇಲ್ಲದ ಅಡಿಗೆಮನೆಯಲ್ಲಿ ಅಡಿಗೆಗೆ ನಿಂತೆವು.

ಇಲ್ಲದ ನಲ್ಲಿ ತಿರುವಿದೆ. ಇಲ್ಲದ ಬದನೆಕಾಯಿ ನಾಲ್ಕು ಸೀಳಿದೆ.
ಆಕೆ ಎಡಚಿ; ಇಲ್ಲದ ಕುದಿಯೆಸರು ಹಿಡಿದು ಗರಕ್ಕನೆ ತಿರುಗಿದಾಗ
ಮೊಣಕೈ ಬಡಿದದ್ದು ಮಾತ್ರ ನಿಜದ ಪಕ್ಕೆಲುಬಿಗೆ.
"ಸುಟ್ಟಿತೇನ?" ಅಂದಳು ಗಾಬರಿಯಾಗಿ.
ಇಲ್ಲವೆನ್ನಲು ನನಗೂ ಒಂದು ಗಳಿಗೆ ಬೇಕಾಯಿತು.
ಒಲೆಯನ್ನು ಕಾಲಿನಿಂದ ಒರೆಸಿ
ಒಂಬತ್ತು ಇಂಚು ಪೂರ್ವಕ್ಕೆ ಬರೆದೆ.

ರೊಟ್ಟಿಯ ಹೊತ್ತಿಗೆ ಆಕೆ ನೆಲಕ್ಕೆ ಕೂರಲು ಹೋಗಿ
ಅರ್ಧಕ್ಕೇ ನಿಂತಳು. ಮೊಣಕಾಲು ಇಷ್ಟೇ ಅಂದಿತು.
ಕಟ್ಟೆಯ ಮೇಲೆ ಬಡಿಯಹೋದರೆ ಭುಜ ಕಿವಿಗೆ ಏರುತ್ತದೆ,
ಹಿಟ್ಟು ಅಂಚಿಗೆ ಹರಿಯುವುದಿಲ್ಲ, ಸಿಡುಕಿ ಒಡೆಯುತ್ತದೆ.
ಸ್ಟೂಲು ಎಳೆದುಕೊಂಡು, ಅಂಗೈ ಹರಡಿ,
ಕತ್ತಲಲ್ಲಿ ಬೆಂಕಿಪೊಟ್ಟಣ ತಡಕುವಂತೆ
ಗಾಳಿಯಲ್ಲಿ ಒಂದು ಎತ್ತರ ತಡಕಿದಳು.
"ಹಾಂ, ಇಲ್ಲಿ."
"ಅಳ್ಳಾಡಬ್ಯಾಡ" ಎಂದು ಟೇಪು ಹಚ್ಚಿದೆ:
ಇಪ್ಪತ್ತೈದೂವರೆ ಇಂಚು.
ಎರಡು ಸಲ ಅಡಿಗೆರೆ ಎಳೆದೆ.

ಬೆಳಿಗ್ಗೆ ಗವಂಡಿ ಲಾಡ್ಲೇಸಾಬ ಬರುವಷ್ಟರಲ್ಲಿ
ಸಾತವ್ವ ನೆಲ ಒರೆಸಿ ಮುಗಿಸಿದ್ದಳು.
ಒಲೆ, ನೀರು, ಬೆಕ್ಕಿನ ಜಾಗ, ಎಲ್ಲ ಬಕೀಟಿನಲ್ಲಿ.
"ಯಾವ ಹುಡುಗರು ಗೀಚಿದ್ರೋ ಅಂತ ತಿಳದೆ, ಬಾಯಿ."
ಲಾಡ್ಲೇಸಾಬ ಗೋಡೆ ತಟ್ಟಿ ನೋಡಿದ.
"ಪೂರಾ ಕೆಡವಲೇನ್ರಿ?"
ಬೇಡ. ಚಾವಣಿ ಹೊತ್ತದ್ದು ಹೊತ್ತಿರಲಿ.
ಕಿಂಡಿಯನ್ನು ಕೆಳಗಿಳಿಸು, ಇಪ್ಪತ್ತೈದೂವರೆಗೆ,
ಅಲ್ಲೊಂದು ಶಹಾಬಾದ ಕಲ್ಲು ಕೂರಿಸು.
ರೊಟ್ಟಿ ಬಡಿಯುವವಳ ಮುಖ ಆಚೆಗೆ ಕಾಣಬೇಕು,
ಆಚೆ ಯಾರಿದ್ದರೂ.

ಒಲೆಯ ಜಾಗ ಕೇಳಿದ. ನಾನು ಚೀಲಕ್ಕೆ ಕೈ ಹಾಕುವುದರೊಳಗೆ
ಮಹಾನಂದಾ ಚಹಾ ತಂದಳು,
ಅಳಿಸಿದ ಒಲೆಯನ್ನು ಬಳಸಿಕೊಂಡು, ಸೆರಗು ತಾಗದಂತೆ.
ಆತ ಆಕೆಯ ಕಾಲನ್ನೇ ನೋಡಿದ.
ಕಿವಿಯ ಮೇಲಿನ ಪೆನ್ಸಿಲು ತೆಗೆದು
ಬಗ್ಗಿ, ಅಲ್ಲೇ ಗುರುತು ಹಾಕಿದ.